ಪಕ್ಕದ ಸೀಟಿನ ಹೊಲಿಗೆ

ಕಾರು ಓಡಿಸಲು ನನಗೆ ಬರುವುದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಹೇಳಬೇಕಾದವರ ಮುಂದೆ, ಹೇಳಬೇಕಾದ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ, ಅದಕ್ಕೇ ಇಷ್ಟೆಲ್ಲ ಆಯಿತು. ನಾನು ಟೈಲರ್. ಮೂವತ್ತೊಂದು ವರ್ಷದಿಂದ ಒಂದೇ ಅಂಗಡಿ, ಒಂದೇ ಮಿಷಿನ್, ಒಂದೇ ಸ್ಟೂಲು. ಅಂಥವನು ಆ ಸ್ಟೂಲಿನಿಂದ ಎದ್ದು 'ಕಾರಿನ ಡಾಕ್ಟರ್' ಆದದ್ದು ಹೇಗೆ ಎಂಬಲ್ಲಿಂದಲೇ ನನ್ನ ನಾಚಿಕೆ ಶುರುವಾಗುತ್ತದೆ.

ನನ್ನ ಅಂಗಡಿಯ ಎದುರಿಗೆ ಔಷಧಿ ಅಂಗಡಿ. ಒಂದು ಬೆಳಿಗ್ಗೆ ಅದರ ಯಜಮಾನರ ಕಾರು ಕೀಂಯ್ ಎಂದು ಕಿರುಚತೊಡಗಿತು. ನಾನು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದೆ. ತಲೆ ಎತ್ತದೆ, "ಬೆಲ್ಟು ಸಡಿಲ ಆಗಿದೆ" ಎಂದೆ. ನನ್ನ ಮಿಷಿನ್ನೂ ಬೆಲ್ಟು ಸಡಿಲವಾದರೆ ಹಾಗೇ ಕಿರುಚುತ್ತದೆ, ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ಅಂದೆ. ಸಂಜೆ ಯಜಮಾನರು ರಸ್ತೆ ದಾಟಿ ಓಡಿ ಬಂದರು.

"ಬೆಲ್ಟೇ ರೀ! ಮೆಕ್ಯಾನಿಕ್ಕು ಎರಡು ಗಂಟೆ ತಲೆ ಕೆರ್ಕೊಂಡು ಕಂಡುಹಿಡಿದಿದ್ದನ್ನ ನೀವು ಸೂಜಿಗೆ ದಾರ ಪೋಣಿಸ್ತಾ ಹೇಳಿಬಿಟ್ರಲ್ಲ!"

ಅಂದಿನಿಂದ ಬೀದಿಯವರೆಲ್ಲ ಪ್ಯಾಂಟಿನ ಜೊತೆ ಕಾರಿನ ಕಾಯಿಲೆಯನ್ನೂ ಹೊತ್ತು ತರತೊಡಗಿದರು. ನನ್ನ ಹತ್ತಿರ ಇದ್ದದ್ದು ಮೂರೇ ಔಷಧ: ಎಣ್ಣೆ ಹಾಕಿ, ಬೆಲ್ಟು ನೋಡಿ, ತಿರುಪು ಬಿಗಿ ಮಾಡಿ. ಹೊಲಿಗೆ ಮಿಷಿನ್ನಿಗೆ ಇದಕ್ಕಿಂತ ಹೆಚ್ಚಿನ ರೋಗ ಬರುವುದಿಲ್ಲ. ಕಾರುಗಳಿಗೂ ಬರುವುದಿಲ್ಲವೆಂದು ಕಾಣುತ್ತದೆ, ಹತ್ತರಲ್ಲಿ ಏಳು ವಾಸಿಯಾದವು. ಏನೂ ತೋಚದಿದ್ದಾಗ ಸುಮ್ಮನೆ ಕಣ್ಣು ಮುಚ್ಚಿ ಕೂರುತ್ತಿದ್ದೆ. ಔಷಧಿ ಅಂಗಡಿಯವರು, "ನೋಡಿ, ತುಂಬಿದ ಕೊಡ ತುಳುಕಲ್ಲ" ಎನ್ನುತ್ತಿದ್ದರು. ಒಳಗಿನಿಂದ ನನ್ನ ಹೆಂಡತಿ, "ಖಾಲಿ ಕೊಡವೂ ತುಳುಕಲ್ಲ" ಎನ್ನುತ್ತಿದ್ದಳು.

ಈ ಕೀರ್ತಿ ನನ್ನ ಭಾವನ ಕಿವಿಗೆ ಬಿತ್ತು. ಭಾವ ಎಂದರೆ ನನ್ನ ಅಕ್ಕನ ಗಂಡ, ಹೆಡ್‌ಮಾಸ್ಟರಾಗಿ ಹೋದ ವರ್ಷ ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟಿದೆ, ಅವರು ಶಾಲೆಯನ್ನು ಬಿಟ್ಟಿಲ್ಲ. ಈಗಲೂ ಮನೆಗೆ ಬರುವ ತರಕಾರಿಗೆ ಮಾರ್ಕ್ಸ್ ಕೊಡುತ್ತಾರೆ. ಇಪ್ಪತ್ತೇಳು ವರ್ಷದಿಂದ ನನ್ನನ್ನು ಯಾರಿಗೆ ಪರಿಚಯ ಮಾಡಿಸಬೇಕಾದರೂ ಅವರದು ಒಂದೇ ವಾಕ್ಯ: "ಇವನು ನನ್ನ ಹೆಂಡತಿ ತಮ್ಮ. ಬಟ್ಟೆ ಲೈನಲ್ಲಿದಾನೆ." ಟೈಲರ್ ಎಂಬ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಬರದಿದ್ದರೆ ಒಳ್ಳೆಯದೇ ಎಂದು ನಾನೂ ಒಳಗೊಳಗೇ ಅಂದುಕೊಂಡವನು. ನಾಚಿಕೆಗೇಡು ಯಾವುದೆಂದರೆ ಅದು.

ನಿವೃತ್ತಿಯ ದಿನಕ್ಕೆಂದು ಅವರು ಚಾಕೊಲೇಟ್ ಬಣ್ಣದ, ಸಣ್ಣ ಬಿಳಿ ಗೆರೆಯ ಸೂಟಿನ ಬಟ್ಟೆ ತಂದು ಕೊಟ್ಟಿದ್ದರು. ಕೋಟು, ಪ್ಯಾಂಟು, ವೇಸ್ಟ್‌ಕೋಟು, ಮೂರೂ ಆಗಬೇಕು. ಕೋಟು ಪ್ಯಾಂಟು ಕೊಟ್ಟ ದಿನ ನಾನು, "ವೇಸ್ಟ್‌ಕೋಟಿಗೆ ಬಟ್ಟೆ ಸಾಲ್ಲಿಲ್ಲ ಭಾವ" ಎಂದೆ. "ನಾಲ್ಕು ಸಲ ಅಳೆದು ತಂದಿದ್ನಲ್ಲೋ" ಎಂದು ಅವರು ನನ್ನನ್ನು ನೋಡಿದ ನೋಟವಿದೆಯಲ್ಲ, ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದವರಿಗೆ ಮಾತ್ರ ಅದು ಗೊತ್ತು. ಯಾಕೆ ಸಾಲಲಿಲ್ಲ ಎಂಬುದನ್ನು ಆಮೇಲೆ ಹೇಳುತ್ತೇನೆ. ಈಗಲೇ ಹೇಳುವಷ್ಟು ಧೈರ್ಯವಿಲ್ಲ.

ಅಕ್ಕ ಇಪ್ಪತ್ತೇಳು ವರ್ಷ ಭಾವನ ಸ್ಕೂಟರಿನ ಹಿಂದೆ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತವಳು. ಈಗ ಅವಳ ಮಂಡಿಗಳು ಎದ್ದರೂ ಕೂತರೂ ಸದ್ದು ಮಾಡುತ್ತವೆ. ಕೂಡಿಟ್ಟದ್ದರಲ್ಲಿ ಅವಳಿಗೊಂದು ಕಾರು ಕೊಡಿಸುತ್ತೇನೆಂದು ಭಾವ ಹಟ ಹಿಡಿದಿದ್ದರು. ಅದೂ ಎಂಥದ್ದು? ಲಕ್ಸುರಿ. ಗಾತ್ರದಲ್ಲಿ ಸಣ್ಣದು, ಗತ್ತಿನಲ್ಲಿ ದೊಡ್ಡದು. ಹೊಸದು ಕೈಗೆ ಎಟುಕುವುದಿಲ್ಲ, ಸೆಕೆಂಡ್ ಹ್ಯಾಂಡ್ ನೋಡಬೇಕು. ಸೆಕೆಂಡ್ ಹ್ಯಾಂಡ್ ಎಂದ ಮೇಲೆ ಬಲ್ಲವರು ಬೇಕು.

"ಭಾನುವಾರ ಖಾಲಿ ಇಟ್ಕೋ" ಎಂದು ಫೋನು ಮಾಡಿದರು. "ನೀನು ಹೂಂ ಅಂದ್ರೆ ತಗೋತೀನಿ, ಊಹೂಂ ಅಂದ್ರೆ ವಾಪಸ್ ಬರ್ತೀನಿ. ನನ್ನದೇನೂ ಇಲ್ಲ."

ಹೆಡ್‌ಮಾಸ್ಟರ ಬಾಯಲ್ಲಿ 'ನನ್ನದೇನೂ ಇಲ್ಲ'! ಆಗಲೇ "ಭಾವ, ನನಗೆ ಗೊತ್ತಿರೋದು ಹೊಲಿಗೆ ಮಿಷಿನ್ ಒಂದೇ" ಎನ್ನಬಹುದಿತ್ತು. ನಾನು ಏನು ಮಾಡಿದೆ? ರಾತ್ರಿ ಕಳೆಯುವುದರೊಳಗೆ ಒಂದು ನೀಲಿ ಕೋಟು ಹೊಲಿದುಕೊಂಡೆ. ದೊಡ್ಡ ಗ್ಯಾರೇಜಿನ ಇಂಜಿನಿಯರುಗಳು ಹಾಕುವಂಥದ್ದು, ಎಂಟು ಜೇಬು. ಜೇಬಿಗೆ ಹಾಕಲು ಒಂದು ಟಾರ್ಚು ಬಿಟ್ಟರೆ ಏನೂ ಇರಲಿಲ್ಲ. ಬರಿದಾಗಿ ಕಾಣಬಾರದೆಂದು ಅಳತೆಯ ಟೇಪನ್ನೂ ದಾರ ಕತ್ತರಿಸುವ ಸಣ್ಣ ಕತ್ತರಿಯನ್ನೂ ಹಾಕಿಕೊಂಡೆ. ಹೆಂಡತಿ ಬಾಗಿಲಲ್ಲಿ ನಿಂತು, "ಮೂರು ಔಷಧಿಗೆ ಎಂಟು ಜೇಬಾ?" ಎಂದಳು.

ಕಾರು ಮಾರುವ ಜಾಗ ಊರಾಚೆ ಇತ್ತು. ಸುತ್ತ ತಗಡಿನ ಬೇಲಿ, ಒಳಗೆ ಸಾಲಾಗಿ ತೊಳೆದು ನಿಲ್ಲಿಸಿದ ಕಾರುಗಳು. ಮಾಲೀಕನ ಹೆಸರು ಏನಿತ್ತೋ, ಧೂಳಿನ ನಡುವೆ ಅಪ್ಪಟ ಬಿಳಿ ಶೂ ಹಾಕಿದ್ದ, ಭಾವ ಆಗಲೇ 'ಬಿಳಿ ಶೂ' ಎಂದು ಹೆಸರಿಟ್ಟರು. ಭಾವ, ಅಕ್ಕ, ಅವರ ಮಗಳು, ನಾನು, ನಾಲ್ಕೂ ಜನ ಆಟೋದಿಂದ ಇಳಿದೆವು. ಮಗಳು ಲೈಬ್ರರಿಯಲ್ಲಿ ಕೆಲಸಕ್ಕಿದ್ದಾಳೆ. ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಓದುವ ಚಟ.

ಅಷ್ಟರಲ್ಲಿ ಒಂದು ಕಾರಿನ ಅಡಿಯಿಂದ ಗ್ಯಾರೇಜಿನವನೊಬ್ಬ ಹೊರಬಂದು, ನನ್ನನ್ನು ನೋಡಿ ಹಲ್ಲು ಬಿಟ್ಟ. ನನಗೆ ಗುರುತಿನವನೇ. ಆಗಾಗ ಅಂಗಡಿಗೆ ಬಂದು ಹರಿದ ಸೀಟ್ ಕವರುಗಳನ್ನು ಹೊಲಿಸಿಕೊಂಡು, ಹೋಗುವಾಗ ಕೈ ಒರೆಸಲು ಒಂದು ಚೀಲ ಚೂರುಬಟ್ಟೆ ಕೇಳಿ ಒಯ್ಯುವವನು.

"ಓಹೋ, ಟೈ..." ಎಂದು ಬಾಯಿ ತೆರೆದ.

ಟೈಲರ್ ಎಂಬ ಮಾತು ಭಾವನ ಮುಂದೆ ಪೂರ್ತಿಯಾದರೆ ನನ್ನ ಎಂಟು ಜೇಬಿನ ಗತಿಯೇನು? ನಾನು ಗಾಬರಿಯಲ್ಲಿ ಅವನಿಗೆ ಕಣ್ಣು ಹೊಡೆದೆ. ಅವನು ತಟಕ್ಕನೆ ಬಾಯಿ ಮುಚ್ಚಿದ. ಮುಖದಲ್ಲಿ ಏನೋ ಅರ್ಥವಾದ ಕಳೆ ಬಂತು. ಹೋಗಿ ಬಿಳಿ ಶೂವಿನ ಕಿವಿಯಲ್ಲಿ ಪಿಸುಗುಟ್ಟಿದ. ಬಿಳಿ ಶೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಾನೇ ಓಡಿ ಹೋಗಿ ಕುರ್ಚಿ ತಂದ. ತಣ್ಣನೆಯ ಜ್ಯೂಸು ಬಂತು. ನನಗೆ ಮಾತ್ರ ಎರಡು ಲೋಟ.

"ನೀವು ಪಾರ್ಟಿ ಕರ್ಕೊಂಡು ಬಂದಿದ್ದು ನಮ್ಮ ಪುಣ್ಯ ಸಾರ್. ನಿಮ್ಮ ಕೈ ಬಗ್ಗೆ ಇವನು ತುಂಬಾ ಹೇಳಿದಾನೆ. ಎಂಥಾ ಕೈ ಸಾರ್!"

ನನ್ನ ಕೈಯ ಕೀರ್ತಿ ಇಷ್ಟು ದೂರ ಹಬ್ಬಿತೇ ಎಂದು ನಾನೂ ಕೈಯನ್ನೊಮ್ಮೆ ನೋಡಿಕೊಂಡೆ. ಭಾವನ ಎದೆ ಎರಡು ಇಂಚು ಉಬ್ಬಿತು. ಟೈಲರನ ಕಣ್ಣು, ಸುಳ್ಳು ಹೇಳುವುದಿಲ್ಲ.

"ನೋಡಿದ್ಯೇನೇ ನಿನ್ನ ತಮ್ಮನ ಹೆಸರು ಎಲ್ಲೀವರೆಗೆ ಬಂದಿದೆ!" ಎಂದು ಅಕ್ಕನಿಗೆ ಹೇಳಿ, ಬಿಳಿ ಶೂ ಕಡೆ ತಿರುಗಿದರು. "ಇವರು ನಮ್ಮ ಭಾವಮೈದುನರು. ಕಾರಿನ ವಿಷಯದಲ್ಲಿ ಇವರ ಮಾತೇ ಕೊನೆ."

ಇವರು! ಇಪ್ಪತ್ತೇಳು ವರ್ಷದ 'ಇವನು' ಒಂದೇ ಏಟಿಗೆ 'ಇವರು' ಆಗಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಏನಾಗುತ್ತದೆಂದು ಗಾದೆಯೇ ಇದೆ. ನನ್ನ ಹತ್ತಿರ ಕೊಡೆ ಇರಲಿಲ್ಲ, ಟಾರ್ಚು ಇತ್ತು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ಹಚ್ಚಿಕೊಂಡು ಪರೀಕ್ಷೆಗೆ ಇಳಿದೆ.

ಬಿಳಿ ಶೂ ತೋರಿಸಿದ್ದು ಒಂದು ಮುತ್ತಿನ ಬಣ್ಣದ ಕಾರು. ಭಾವ ಗೆರೆ ಹಾಕಿದ ಹಾಳೆ ತಂದಿದ್ದರು. ಹತ್ತು ವಿಷಯ, ಒಂದೊಂದಕ್ಕೆ ಹತ್ತು ಅಂಕ. ನಾನು ಹೇಳುವುದು, ಅವರು ಬರೆಯುವುದು. ಬಾನೆಟ್ ತೆಗೆಯೋಣವೆಂದು ಒಳಗೆ ಕೈಗೆ ಸಿಕ್ಕಿದ್ದನ್ನು ಎಳೆದೆ, ಹಿಂದೆ ಡಿಕ್ಕಿ ತೆರೆದುಕೊಂಡಿತು.

"ಹಿಂದಿನಿಂದ ಮುಂದಕ್ಕೆ ಬರೋದು ನನ್ನ ಪದ್ಧತಿ" ಎಂದೆ.

"ಹಿಂದಿನಿಂದ ಮುಂದಕ್ಕೆ" ಎಂದು ಭಾವ ಬರೆದುಕೊಂಡರು. "ಶಾಸ್ತ್ರೀಯವಾಗಿದೆ."

ಬಾಗಿಲನ್ನು ಮೂರು ಸಲ ತೆಗೆದು ಹಾಕಿ ಕಣ್ಣು ಮುಚ್ಚಿ ಕೇಳಿದೆ; ಒಂಬತ್ತು. ಚಕ್ರವನ್ನು ಒದ್ದೆ, ಕಾಲು ನೋಯಿತು, ಆದ್ದರಿಂದ ಗಟ್ಟಿ, ಒಂಬತ್ತು. ಇಂಜಿನ್ನಿಗೆ ಕಿವಿ ಕೊಟ್ಟೆ. ಕೀಂಯ್ ಎನ್ನಲಿಲ್ಲ, ಒಂಬತ್ತು. ಮರೆವಿನಲ್ಲಿ ಟೇಪು ತೆಗೆದು ಸ್ಟೀರಿಂಗಿನ ಸುತ್ತಳತೆ ತೆಗೆದು, "ಸೊಂಟ ನಲವತ್ತಾರು" ಎಂದುಬಿಟ್ಟೆ. ಯಾರೂ ನಗಲಿಲ್ಲ. ಬಲ್ಲವರು ಹೇಳಿದರೆ ನಗುವುದಕ್ಕೂ ಜನಕ್ಕೆ ಭಯ.

ಹೀಗೆ ಬಂದು ಬಂದು ಡ್ರೈವರ್ ಪಕ್ಕದ ಸೀಟಿನ ಹತ್ತಿರ ನಿಂತೆ. ಅಲ್ಲಿ ಬೆನ್ನಿನ ಅಂಚಿನಲ್ಲಿ ಓಡಿದ ಹೊಲಿಗೆ ನೋಡಿ, ನಿಜ ಹೇಳುತ್ತೇನೆ, ಕಣ್ಣು ತಂಪಾಯಿತು. ಅದೇನು ನೇರ, ಅದೇನು ಬಿಗಿ! ಆ ದಿನ ನಾನು ಕಾರಿನಲ್ಲಿ ಅರ್ಥವಾಗಿ ನೋಡಿದ್ದು ಅದೊಂದನ್ನೇ.

"ಭಾವ, ಬರ್ಕೊಳಿ" ಎಂದೆ ಗಟ್ಟಿಯಾಗಿ. "ಫ್ಯಾಕ್ಟರಿ ಹೊಲಿಗೆ ಅಂದ್ರೆ ಇದು. ಮನುಷ್ಯನ ಕೈಲಿ ಆಗೋ ಮಾತಲ್ಲ. ಹತ್ತಕ್ಕೆ ಹತ್ತು!"

ಗ್ಯಾರೇಜಿನವನು ತುಟಿ ಕಚ್ಚಿಕೊಂಡು ಆ ಕಡೆ ತಿರುಗಿದ. ಬಿಳಿ ಶೂ ಬಂದು ನನ್ನ ಕೈ ಕುಲುಕಿ, "ಏನು ಧೈರ್ಯ ಸಾರ್ ನಿಮ್ದು!" ಎಂದ. ಧೈರ್ಯದ ಮಾತು ಯಾಕೆ ಬಂತೆಂದು ನನಗೆ ಹೊಳೆಯಲಿಲ್ಲ. ಒಟ್ಟು ತೊಂಬತ್ತೊಂದು. ಭಾವ ಕೆಳಗೆ ಎರಡು ಗೆರೆ ಎಳೆದರು.

ಅಕ್ಕ ಮೆಲ್ಲಗೆ ಆ ಸೀಟಿನಲ್ಲಿ ಕೂತಳು. ಕಾಲು ಚಾಚಿದಳು. ಮಂಡಿ ಸದ್ದು ಮಾಡಲಿಲ್ಲ. "ಅಯ್ಯೋ, ಕಾಲು ಇಷ್ಟು ದೂರ ಹೋಗುತ್ತೆ ಅಂತಲೇ ಮರ್ತೋಗಿತ್ತು ಕಣೋ" ಎಂದು ನನ್ನ ಕಡೆ ನೋಡಿ ನಕ್ಕಳು. "ನೀನಿದ್ದಿದ್ದಕ್ಕೆ ಧೈರ್ಯ ಬಂತು ನೋಡು. ಇಲ್ದಿದ್ರೆ ನಿಮ್ಮ ಭಾವನ್ನ ಯಾರಾದ್ರೂ ಬುಟ್ಟಿಗೆ ಹಾಕ್ಕೊಂಡುಬಿಡೋರು."

ಹಿಂದಿನ ಸೀಟಿನಲ್ಲಿ ಮಗಳು ಕಾರಿನ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಿದ್ದಳು.

"ಮಾಮಾ, ಮುಂದಿನ ಎರಡೂ ಸೀಟಿನ ಪಕ್ಕದೊಳಗೆ ಏರ್‌ಬ್ಯಾಗ್ ಇರುತ್ತಂತೆ. ಗುರುತಿಗೆ ಹೊಲಿಗೇಲಿ ಸಣ್ಣ ಬಟ್ಟೆ ಚೀಟಿ ಇರುತ್ತೆ ಅಂತ ಬರ್ದಿದೆ. ಅಪ್ಪನ ಸೀಟಲ್ಲಿದೆ. ಅಮ್ಮನ ಸೀಟಲ್ಲಿಲ್ಲ."

"ಚೀಟಿ ಬಿದ್ದೋಗಿರುತ್ತೆ ಮೇಡಂ" ಎಂದ ಬಿಳಿ ಶೂ.

"ಕಾರು ಗುದ್ದಿದಾಗ ಆ ಹೊಲಿಗೆ ಹರ್ಕೊಂಡು ಬ್ಯಾಗು ಹೊರಗೆ ಬರ್ಬೇಕಂತೆ. ಅದಕ್ಕೇ ಅಲ್ಲಿ ಬೇಕಂತಲೇ ಸುಲಭವಾಗಿ ಹರಿಯೋ ದಾರ ಹಾಕಿರ್ತಾರಂತೆ."

ಬಟ್ಟೆ ಚೀಟಿ ಎಂದಾಗ ನಾನು ಟಾರ್ಚು ಆರಿಸಿದೆ. ದಾರ ಎಂದಾಗ ಸೀಟಿನ ಕಡೆ ಬಗ್ಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನನ್ನ ಬೆರಳು ತಾನಾಗಿ ಸೀಟಿನ ಅಂಚಿಗೆ ಹೋಯಿತು. ಹೊಲಿಗೆಯ ಗುಂಟ ಕೆಳಗಿಳಿದು, ಕೊನೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಮೂರು ಓರೆ ಗಂಟುಗಳನ್ನು ಮುಟ್ಟಿತು. ಹೊಲಿಗೆ ಮುಗಿಸುವಾಗ ಮೂರು ಓರೆ ಗಂಟು ಹಾಕುವುದು ಕೆಟ್ಟ ಅಭ್ಯಾಸ. ಕೆಲಸ ಕಲಿಸಿದ ಗುರುಗಳು ಅದಕ್ಕಾಗಿ ನನ್ನ ಕೆನ್ನೆಗೆ ಬಾರಿಸಿದ್ದರು, "ಈ ಊರಲ್ಲಿ ನೀನೊಬ್ಬನೇ ಹೀಗೆ ಹಾಕೋನು" ಎಂದು ಬೈದಿದ್ದರು.

ಎಲ್ಲವೂ ನೆನಪಾಯಿತು. ಎರಡು ತಿಂಗಳ ಹಿಂದೆ ಗ್ಯಾರೇಜಿನವನು ತಂದ ಆ ಕವರು. ಪಕ್ಕದ ಹೊಲಿಗೆ ಸಿಡಿದು ಬಾಯಿ ಬಿಟ್ಟಿತ್ತು. ಒಂದು ಸಣ್ಣ ಚೀಟಿ ಹೊರಗೆ ಇಣುಕುತ್ತಿತ್ತು, ಅಸಹ್ಯವಾಗಿ ಕಾಣುತ್ತದೆಂದು ನಾನೇ ಒಳಗೆ ಮಡಚಿದ್ದೆ. ಬ್ಯಾಗು ಹೊಲಿಯುವ ನೈಲಾನ್ ದಾರವನ್ನು ಮೂರೆಳೆ ಮಾಡಿ ಹೊಲಿದು, "ಆನೆ ಎಳೆದ್ರೂ ಬಿಚ್ಚಲ್ಲ" ಎಂದು ಹೆಮ್ಮೆಪಟ್ಟಿದ್ದೆ. "ಬಿಚ್ಚದಿದ್ರೆ ಸಾಕು" ಎಂದಿದ್ದ ಅವನು.

ಅಂದರೆ ಈ ಕಾರು ಎಲ್ಲೋ ಗುದ್ದಿದೆ, ಒಳಗಿನ ಬ್ಯಾಗು ಆಗಲೇ ಸಿಡಿದು ಹೋಗಿದೆ. ಆನೆ ಎಳೆದರೂ ಬಿಚ್ಚದ ಹೊಲಿಗೆಗೆ ಒರಗಿಕೊಂಡು ನನ್ನ ಅಕ್ಕ ಕಾಲು ಚಾಚಿ ಕೂತಿದ್ದಾಳೆ. ಬಿಳಿ ಶೂ ಕಣ್ಣು ಹೊಡೆಯುತ್ತ ಕಾಗದ ಪತ್ರ ತರುತ್ತಿದ್ದಾನೆ. ನಾನೂ ಅವರವನೇ ಎಂದು ಅವರಿಬ್ಬರೂ ಮೊದಲಿಂದ ತಿಳಿದಿದ್ದಾರೆ, ತಿಳಿಯಲಿ ಎಂದು ಕಣ್ಣು ಹೊಡೆದವನೂ ನಾನೇ. ಭೂಮಿ ಬಾಯಿ ಬಿಡಲೆಂದು ಕಾದೆ. ತಗಡಿನ ಬೇಲಿಯೊಳಗಿನ ಭೂಮಿಗೆ ಕಾಂಕ್ರೀಟು ಹಾಕಿದ್ದರು.

ಆಗಲೂ ನಾನು ನಿಜ ಹೇಳಿದೆನೇ? ಇಲ್ಲ.

"ಭಾವ, ಬಣ್ಣ ಯಾಕೋ ಸರಿ ಇಲ್ಲ" ಎಂದೆ.

"ಬಣ್ಣ, ಹತ್ತಕ್ಕೆ ಒಂಬತ್ತು. ನೀನೇ ಕೊಟ್ಟಿದ್ದು."

"ಡಿಕ್ಕಿ ಚಿಕ್ಕದಾಯ್ತು."

"ಡಿಕ್ಕಿ, ಒಂಬತ್ತು. 'ವಿಶಾಲ' ಅಂತ ಷರಾ ಬೇರೆ ಬರ್ಸಿದೀಯ."

"ಮುಂದಿನ ವಾರ ನೋಡೋಣ, ಇವತ್ತು ದಿನ ಚೆನ್ನಾಗಿಲ್ಲ."

"ತೊಂಬತ್ತೊಂದು ಮಾರ್ಕ್ಸ್ ಕೊಟ್ಟು ಫೇಲ್ ಅಂತೀಯಲ್ಲೋ! ನನ್ನ ಸರ್ವೀಸಲ್ಲೇ ಇಂಥಾ ಪರೀಕ್ಷೆ ನೋಡಿಲ್ಲ" ಎಂದು ಭಾವ ಪೆನ್ನಿನ ಮುಚ್ಚಳ ತೆಗೆದರು.

ಅಕ್ಕ ಸೀಟಿನಲ್ಲಿ ಇನ್ನೂ ನಗುತ್ತಿದ್ದಳು. ಪೆನ್ನು ಕಾಗದಕ್ಕೆ ತಾಗುವ ಹೊತ್ತಿಗೆ ನನ್ನ ಬಾಯಿ ಕೈಕೊಟ್ಟಿತು, ಕೈ ಕೆಲಸಕ್ಕೆ ಬಂತು. ಅಕ್ಕನ ತೋಳು ಹಿಡಿದು ಹೊರಗೆ ಇಳಿಸಿ, ಆರನೆಯ ಜೇಬಿನಿಂದ ದಾರ ಕತ್ತರಿ ತೆಗೆದು, ಹತ್ತಕ್ಕೆ ಹತ್ತು ಪಡೆದ ಆ ಹೊಲಿಗೆಯನ್ನು ಕೆಳಗಿನಿಂದ ಮೇಲಕ್ಕೆ ಕತ್ತರಿಸುತ್ತ ಹೋದೆ.

"ಅಯ್ಯಯ್ಯೋ! ಏನ್ ಮಾಡ್ತಿದೀರ ಸಾರ್!" ಎಂದು ಬಿಳಿ ಶೂ ಓಡಿ ಬಂದ.

"ನಾನು ಟೈಲರ್!" ಎಂದು ಕೂಗಿದೆ. "ನನಗೆ ಕಾರಿನ ಗಂಧ ಗಾಳಿ ಗೊತ್ತಿಲ್ಲ ಭಾವ. ಇದು ಫ್ಯಾಕ್ಟರಿ ಹೊಲಿಗೆ ಅಲ್ಲ, ನಂದು. ಇದರೊಳಗೆ ಏರ್‌ಬ್ಯಾಗ್ ಇಲ್ಲ!"

ಏರ್‌ಬ್ಯಾಗ್ ಇರಲಿಲ್ಲ, ನಿಜ. ಜಾಗ ಖಾಲಿಯೂ ಇರಲಿಲ್ಲ. ಸೀಟು ಕುಸಿಯಬಾರದೆಂದು ಗ್ಯಾರೇಜಿನವನು ಒಳಗೆ ಚೂರುಬಟ್ಟೆ ತುರುಕಿದ್ದ, ನನ್ನ ಅಂಗಡಿಯ ಚೂರುಬಟ್ಟೆ. ಯಾರದೋ ಲಂಗದ ಅಂಚು ಬಂತು, ಔಷಧಿ ಅಂಗಡಿಯವರ ಪೈಜಾಮದ ಕಾಲು ಬಂತು. ಅದರ ಹಿಂದೆ, ಚೆನ್ನಾಗಿ ಮಡಚಿದ, ಚಾಕೊಲೇಟ್ ಬಣ್ಣದ, ಸಣ್ಣ ಬಿಳಿ ಗೆರೆಯ ಎರಡು ತುಂಡು ಬಂದು ಭಾವನ ಪಾದದ ಹತ್ತಿರ ಬಿದ್ದವು.

ಭಾವ ಬಗ್ಗಿ ಎತ್ತಿಕೊಂಡರು.

"ಇದು ನನ್ನ ವೇಸ್ಟ್‌ಕೋಟು" ಎಂದರು.

"ಹೂಂ ಭಾವ."

"ಬಟ್ಟೆ ಸಾಲ್ಲಿಲ್ಲ ಅಂದಿದ್ದೆ."

"ಸಾಲಿತ್ತು ಭಾವ. ಕತ್ತರಿಸೋವಾಗ ತಪ್ಪಾಯ್ತು. ಎಡಗಡೆದೊಂದು, ಬಲಗಡೆದೊಂದು ಕತ್ತರಿಸ್ಬೇಕಿತ್ತು. ಎರಡೂ ಎಡಗಡೆದೇ ಕತ್ತರಿಸ್ಬಿಟ್ಟೆ. ಈ ಬಟ್ಟೇಲಿ ಒಳಮೈ ಹೊರಮೈ ಬೇರೆ, ತಿರುಗ್ಸೋಕೂ ಆಗ್ಲಿಲ್ಲ. ಮೂವತ್ತೊಂದು ವರ್ಷದ ಟೈಲರ್ ಅಂತ ಹೇಗೆ ಹೇಳ್ಲಿ, ಚೂರಿನ ಚೀಲಕ್ಕೆ ಹಾಕ್ಬಿಟ್ಟೆ."

ಭಾವ ಎರಡೂ ತುಂಡುಗಳನ್ನು ಎದೆಗಿಟ್ಟು ನೋಡಿದರು. ಎರಡೂ ಎಡಕ್ಕೇ ಹೋಗುತ್ತಿದ್ದವು. ಸುತ್ತಮುತ್ತ ಬೇರೆ ಕಾರು ನೋಡುತ್ತಿದ್ದವರೆಲ್ಲ ಬಂದು ಸೇರಿದ್ದರು. ನಾನು ಇಂಗು ತಿಂದ ಮಂಗನಂತೆ ಕತ್ತರಿ ಹಿಡಿದು ನಿಂತಿದ್ದೆ.

"ನೀವೇ ಹೊಲಿದು ನೀವೇ ಬಿಚ್ಚೋದು ಯಾವ ನ್ಯಾಯ ಸಾರ್?" ಎಂದ ಗ್ಯಾರೇಜಿನವನು, ನಿಜವಾಗಿಯೂ ನೊಂದು. "ಕಣ್ಣು ಹೊಡೆದಿದ್ದು ನೀವಲ್ವಾ?"

"ಸೀಟು ಕುಯ್ದಿದ್ದಕ್ಕೆ ಕಟ್ಟಿಕೊಡಿ" ಎಂದ ಬಿಳಿ ಶೂ.

ಅಷ್ಟು ಹೊತ್ತೂ ವೇಸ್ಟ್‌ಕೋಟಿನ ದುಃಖದಲ್ಲಿದ್ದ ಭಾವನೊಳಗಿನ ಹೆಡ್‌ಮಾಸ್ಟರು ಈಗ ಎದ್ದರು. "ಕೈ ಕಟ್ಟು!" ಎಂದು ಒಂದು ಗುಡುಗು. ಬಿಳಿ ಶೂ ಅರಿವಿಲ್ಲದೆ ಕೈ ಕಟ್ಟಿದ. ಗ್ಯಾರೇಜಿನವನೂ ಕಟ್ಟಿದ. ನಾನಂತೂ ಕತ್ತರಿ ಸಮೇತ ಮೊದಲೇ ಕಟ್ಟಿದ್ದೆ. ಮಾರ್ಕ್ಸ್ ಹಾಳೆಯ ಹಿಂದೆಯೇ ಭಾವ ಪೊಲೀಸ್ ದೂರು ಬರೆದರು. ಬಿಳಿ ಶೂ ಒಂದನೇ ಆರೋಪಿ, ಗ್ಯಾರೇಜಿನವನು ಎರಡು. ನನ್ನ ಹತ್ತಿರ ಬಂದಾಗ ಪೆನ್ನು ನಿಂತಿತು. ಸ್ವಲ್ಪ ಯೋಚಿಸಿ, ಸಾಕ್ಷಿಯ ಕಡೆ ಒಂದು ಸಲ, ಆರೋಪಿಯ ಕಡೆ ಒಂದು ಸಲ, ಎರಡು ಕಡೆಯೂ ನನ್ನನ್ನು ಬರೆದರು. ನಾನು ಎರಡು ಕಡೆಯೂ ಸಹಿ ಹಾಕಿದೆ.

"ಇವನು ಯಾರು?" ಎಂದು ಗುಂಪಿನಲ್ಲಿ ಯಾರೋ ಕೇಳಿದರು.

"ಇವನು ನನ್ನ ಹೆಂಡತಿ ತಮ್ಮ" ಎಂದರು ಭಾವ. ಪೆನ್ನಿನ ಮುಚ್ಚಳ ಹಾಕಿ, "ಟೈಲರ್" ಎಂದರು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಗೇಟಿನ ಹತ್ತಿರ ಒಂದೇ ಮಾತು ಕೇಳಿದಳು: "ಬಂದ ತಕ್ಷಣ ಅವನು ಟೈಲರ್ ಅನ್ನೋಕೆ ಹೊರಟಿದ್ನಲ್ಲ, ಅನ್ಲಿ ಅಂತ ಬಿಟ್ಟಿದ್ರೆ ಏನಾಗ್ತಿತ್ತೋ ನಿಂಗೆ?" ನಮ್ಮ ಅಪ್ಪ ಟೈಲರ್. ಅವಳ ಮದುವೆಯ ಬಟ್ಟೆಯೆಲ್ಲ ನಾನು ಈಗಲೂ ತುಳಿಯುವ ಅದೇ ಮಿಷಿನ್ನಿನಲ್ಲಿ ಹೊಲಿದದ್ದು.

ಮಾರನೆಯ ದಿನ ಭಾವ ಅಂಗಡಿಗೆ ಬಂದು, ಆ ಎರಡು ಎಡ ತುಂಡುಗಳನ್ನು ಮಿಷಿನ್ನಿನ ಎದುರಿಗೆ ಗೋಡೆಗೆ ಮೊಳೆ ಹೊಡೆದು ನೇತುಹಾಕಿ ಹೋದರು. ಅವು ಈಗಲೂ ಅಲ್ಲೇ ಇವೆ. ಬೀದಿಯವರು ಕಾರಿನ ಕಾಯಿಲೆ ತಂದರೆ ಗೋಡೆ ತೋರಿಸುತ್ತೇನೆ. ನೀಲಿ ಕೋಟನ್ನು ಹೆಂಡತಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಗೆ ಇಟ್ಟುಕೊಂಡಿದ್ದಾಳೆ. ಎಂಟು ಜೇಬೂ ತುಂಬಿವೆ.

ಮೂರು ತಿಂಗಳ ಮೇಲೆ ಭಾವನ ಫೋನು ಬಂತು. ಪರಿಚಯದವರೊಬ್ಬರ ಕಾರಂತೆ, ಅದೇ ಜಾತಿಯದು, ಬೂದು ಬಣ್ಣ. ನನ್ನನ್ನೂ ಬರಹೇಳಿದರು, ಹೋದೆ. ಅಲ್ಲಿ ನಿಜವಾದ ಮೆಕ್ಯಾನಿಕ್ಕೊಬ್ಬ ಆಗಲೇ ಕಾರಿನ ಹೊಟ್ಟೆ ಬಗೆದು ನೋಡಿ, ಮುಚ್ಚಿ, ಕೈ ತೊಳೆಯುತ್ತಿದ್ದ. ಅಕ್ಕ ಕಾರಿನ ಹೊರಗೆ ನಿಂತಿದ್ದಳು. ಯಾರು ಹೇಳಿದರೂ ಹತ್ತಿರಲಿಲ್ಲವಂತೆ.

"ಇಂಜಿನ್ನು, ಗೇರು, ಬ್ರೇಕು, ಎಲ್ಲಾ ಅವರು ನೋಡಿದಾರೆ" ಎಂದರು ಭಾವ. "ನೀನು ಒಂದೇ ಒಂದು ನೋಡಿ ಹೇಳು. ಇದರಲ್ಲಿ ಎಲ್ಲಾದ್ರೂ ನಿನ್ನ ಕೈ ಇದೆಯಾ?"

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಮುಂದಿನ ಸೀಟು, ಹಿಂದಿನ ಸೀಟು, ತಲೆ ಒರಗಿಸುವ ದಿಂಬು, ಬೆಲ್ಟುಗಳು, ಒಂದೊಂದು ಹೊಲಿಗೆಯ ಮೇಲೂ ಕೊನೆಯವರೆಗೆ ಬೆರಳಾಡಿಸಿದೆ. ಪಕ್ಕದ ಸೀಟಿನ ಅಂಚಿನಲ್ಲಿ ಸಣ್ಣ ಚೀಟಿ ಹೊರಗೆ ಇಣುಕುತ್ತಿತ್ತು. ಹೊಲಿಗೆ ಸಾಧಾರಣ, ದಾರ ತೆಳ್ಳಗೆ, ಓರೆ ಗಂಟು ಇಲ್ಲ. ಅರ್ಧ ಗಂಟೆಯ ಮೇಲೆ ಹೊರಗೆ ಬಂದು ನಿಂತೆ.

"ಇಲ್ಲ ಭಾವ. ಎಲ್ಲೂ ನನ್ನ ಕೈ ಇಲ್ಲ."

"ಸರಿ ಹಾಗಾದ್ರೆ" ಎಂದು ಅಕ್ಕ ಬಾಗಿಲು ತೆಗೆದು ಕೂತಳು.